ಚಿಕ್ಕಪ್ಪನ ಲ್ಯಾಮಿನೇಷನ್ನೂ ನನ್ನ ಅಯಸ್ಕಾಂತದ ಪೆಟ್ಟಿಗೆಯೂ

ಕೋಲಾರದ ನನ್ನ ಕನ್ನಡಕದ ಅಂಗಡಿಯಲ್ಲಿ, ಫ್ರೇಮುಗಳನ್ನು ಜೋಡಿಸಿಟ್ಟ ಗಾಜಿನ ಮೇಜಿನ ಮೂಲೆಗೆ, ಅಂಗೈಗಿಂತ ಕೊಂಚ ಚಿಕ್ಕದಾದ ಪಾರದರ್ಶಕ ಪೆಟ್ಟಿಗೆಯೊಂದು ಖಾಲಿ ಕೂತಿದೆ. ದಪ್ಪನೆಯ ಎರಡು ಹಲಗೆ, ತುದಿಯಲ್ಲಿ ಕಡಲೆಬೇಳೆಯಷ್ಟು ಅಯಸ್ಕಾಂತ. ಮುಚ್ಚಿದರೆ ‘ಟಪ್’ ಎನ್ನುತ್ತದೆ. ಕಣ್ಣು ಪರೀಕ್ಷೆಗೆ ಬಂದು ಕೂತವರಿಗೆ ಕೈ ಸುಮ್ಮನಿರುವುದಿಲ್ಲ, ಎತ್ತಿಕೊಂಡು ಟಪ್ ಟಪ್ ಅನ್ನಿಸುತ್ತಾರೆ.

“ಇದ್ರಲ್ಲಿ ಏನ್ ಇಡೋದು ಸಾರ್?”

“ಕಾರ್ಡು.”

“ಯಾವ್ ಕಾರ್ಡು? ಆಧಾರಾ?”

“ಅಲ್ಲ, ಆಟದ್ದು. ಕ್ರಿಕೆಟ್ ಆಡೋರ ಚಿತ್ರ ಇರುತ್ತಲ್ಲ, ಮಕ್ಕಳು ಕೂಡಿಡೋದು, ಅದು.”

ಅವರು ನನ್ನ ಮುಖ ನೋಡುತ್ತಾರೆ. ಆಮೇಲೆ ನಾನು ಬರೆದುಕೊಟ್ಟ ಕನ್ನಡಕದ ನಂಬರನ್ನು ಇನ್ನೊಂದು ಸಲ ನೋಡುತ್ತಾರೆ. ಇಂಥವನು ಬರೆದ ನಂಬರನ್ನು ನಂಬಬಹುದೇ ಎಂಬ ಅನುಮಾನ ಅವರಿಗೆ. ನಾನೇನೂ ಬೇಸರ ಪಟ್ಟುಕೊಳ್ಳುವುದಿಲ್ಲ. ಆ ಪೆಟ್ಟಿಗೆ ಯಾಕೆ ಖಾಲಿ ಉಳಿಯಿತು ಅಂತ ಅವರಿಗೆ ಹೇಳಲು ಹೋದರೆ ನನ್ನ ಹೊಟ್ಟೆಕಿಚ್ಚಿನ ಪುರಾಣವನ್ನೆಲ್ಲ ಬಿಚ್ಚಬೇಕಾಗುತ್ತದೆ. ನಿಮ್ಮ ಹತ್ತಿರ ಹೇಳಿದರೆ ಪರವಾಗಿಲ್ಲ. ನೀವು ನನ್ನ ಅಂಗಡಿಗೆ ಬರುವವರಲ್ಲ.

ಪೆಟ್ಟಿಗೆ, ಕವರು, ಗವಸು ಅಂದರೆ ನಮ್ಮ ಜನಕ್ಕೆ ಮೊದಲಿನಿಂದಲೂ ಪ್ರಾಣ. ಟೀವಿ ರಿಮೋಟನ್ನು ಕೊಂಡ ದಿನವೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕುತ್ತೇವೆ. ಆಮೇಲೆ ಗುಂಡಿ ಒತ್ತಿದರೆ ಹಾಡಿನ ಬದಲು ಹವಾಮಾನ ಬರುತ್ತದೆ. ಹೊಸ ಸ್ಕೂಟರಿನ ಸೀಟಿಗೆ ಕಂಪನಿಯವರು ಹಾಕಿಕೊಟ್ಟ ಪ್ಲಾಸ್ಟಿಕ್ಕು ಬಿಸಿಲಿಗೆ ಹಳದಿಯಾಗಿ, ಹರಿದು, ತೊಡೆಗೆ ಚುಚ್ಚುವವರೆಗೂ ತೆಗೆಯುವುದಿಲ್ಲ. ನಮ್ಮ ಪಕ್ಕದ ಮನೆಯ ಫ್ರಿಜ್ಜಿನ ಹಿಡಿಗೆ ಒಂದು ಲಂಗ ಉಂಟು, ಮಿಕ್ಸಿಗೆ ಒಂದು ಕುಲಾವಿ ಉಂಟು. ಆ ಮನೆಯ ಯಜಮಾನರು ಮಾತ್ರ ಚಳಿಗಾಲದಲ್ಲೂ ಬರೀ ಬನಿಯನ್ನಿನಲ್ಲಿ ಓಡಾಡುತ್ತಾರೆ.

ಹೊಟ್ಟೆಕಿಚ್ಚಿನ ವಿಷಯಕ್ಕೆ ಬರೋಣ. ಕೆಲವರಿಗೆ ಹುಟ್ಟಿನಿಂದಲೇ ನೆಗಡಿ ಇರುತ್ತದಲ್ಲ, ನನಗೆ ಹೊಟ್ಟೆಕಿಚ್ಚು ಹಾಗೆ. ಹವಾ ಬದಲಾದರೆ ಸಾಕು, ಎದ್ದು ಕೂರುತ್ತದೆ. ನನ್ನ ಬಾಲ್ಯವೆಲ್ಲ ಮುಳಬಾಗಿಲಿನಲ್ಲಿ ಕಳೆಯಿತು. ಆಗ ಬಬಲ್ ಗಮ್ಮಿನ ಜೊತೆ ಬೆರಳುದ್ದದ ಕ್ರಿಕೆಟ್ ಕಾರ್ಡು ಬರುತ್ತಿತ್ತು. ಗಮ್ಮು ಎರಡು ನಿಮಿಷಕ್ಕೆ ಸಪ್ಪೆಯಾಗುತ್ತಿತ್ತು, ಕಾರ್ಡಿನ ರುಚಿ ಮಾತ್ರ ವಾರಗಟ್ಟಲೆ ಇರುತ್ತಿತ್ತು. ನನ್ನ ಜೊತೆ ಓದುತ್ತಿದ್ದ ರಿಯಾಜನ ಹತ್ತಿರವೂ ಕಾರ್ಡುಗಳಿದ್ದವು. ಕಾರ್ಡುಗಳ ವಿಷಯದಲ್ಲಿ ಅವನ ಮೇಲೆ ನನಗೇನೂ ಕೋಪವಿರಲಿಲ್ಲ, ನನ್ನವೇ ಹೆಚ್ಚು. ಕೋಪವೆಲ್ಲ ಅವನ ಡಬ್ಬಿಯ ಮೇಲೆ. ಅವರಪ್ಪನದು ಬಳೆ ವ್ಯಾಪಾರ. ಗಾಜಿನ ಬಳೆಗಳನ್ನು ಇಡುವ ಉದ್ದನೆಯ ಡಬ್ಬಿಯೊಂದನ್ನು ಅವನು ತನ್ನ ಕಾರ್ಡುಗಳಿಗೆ ಇಟ್ಟುಕೊಂಡಿದ್ದ. ಒಳಗೆ ಕೆಂಪು ಮಖಮಲ್ಲು, ಮೇಲೆ ಕನ್ನಡಿಯಂಥ ಮುಚ್ಚಳ. ಅದರಲ್ಲಿ ಮಲಗಿದ ಮಾಮೂಲಿ ಕಾರ್ಡು ಕೂಡ ಮದುವೆ ಗಂಡಿನ ಹಾಗೆ ಕಾಣುತ್ತಿತ್ತು. ಕೈ ಚಾಚಿದರೆ ರಿಯಾಜ್, “ಹಾತ್ ನಕ್ಕೋ ಲಗಾ ರೇ! ಕಣ್ಣಲ್ಲಿ ನೋಡು, ಸಾಕು,” ಅನ್ನುತ್ತಿದ್ದ.

ನಮ್ಮಪ್ಪ ಹಾಲಿನ ಸೊಸೈಟಿಯಲ್ಲಿ ಕೆಲಸಕ್ಕಿದ್ದರು. ಅವರು ಬಳೆ ವ್ಯಾಪಾರಿ ಯಾಕಾಗಲಿಲ್ಲ ಅಂತ ನಾನು ಎಷ್ಟು ಕೊರಗಿದ್ದೇನೋ ದೇವರಿಗೇ ಗೊತ್ತು. ನನ್ನ ಗೋಳು ತಾಳಲಾರದೆ ಅವರು ಒಂದು ದಿನ ಹಾಲಿನ ಸ್ಯಾಂಪಲ್ ತೆಗೆಯುವ ಪುಟ್ಟ ಬಾಟಲಿಗಳನ್ನು ತಂದುಕೊಟ್ಟು, “ಇದ್ರಲ್ಲಿಟ್ಕೊಳೋ, ಗಾಳೀನೂ ಆಡಲ್ಲ,” ಅಂದರು. ಬಾಟಲಿಯಲ್ಲಿ ಕಾರ್ಡು ಇಡಬೇಕಾದರೆ ಸುರುಳಿ ಸುತ್ತಲೇಬೇಕು. ಸುತ್ತಿದೆ. ಬೇಸಿಗೆ ಕಳೆದು ತೆಗೆದರೆ ಭಾರತ ತಂಡದ ಅಷ್ಟೂ ಜನ ಬೀಡಿಗಳಾಗಿದ್ದರು. ಹೇಗೆ ಬಿಡಿಸಿದರೂ ಮತ್ತೆ ಸುತ್ತಿಕೊಳ್ಳುತ್ತಿದ್ದರು. ಅವರಿಂದ ಬಾಟಲಿಯ ಹುಳಿ ಹಾಲಿನ ವಾಸನೆಯೂ ಕೊನೆಯವರೆಗೆ ಹೋಗಲಿಲ್ಲ. ಆ ವಾರವೆಲ್ಲ ನಾನು ರಿಯಾಜನ ಜೊತೆ ಮಾತು ಬಿಟ್ಟಿದ್ದೆ. ಅವನ ತಪ್ಪೇನು ಅಂತ ಕೇಳಬೇಡಿ, ಹೊಟ್ಟೆಕಿಚ್ಚಿನವನಿಗೆ ಕಾರಣ ಸಿಗುವುದು ಕಷ್ಟವಲ್ಲ.

ಈಗ ನನ್ನ ಮಗಳು ನಿತ್ಯಾಳಿಗೆ ಅದೇ ಹುಚ್ಚು. ಐದನೇ ಕ್ಲಾಸು. ಶಾಲೆಯ ಹೆಣ್ಣುಮಕ್ಕಳ ತಂಡದಲ್ಲಿ ವಿಕೆಟ್ ಕೀಪರು. ಈಗಿನ ಕಾರ್ಡುಗಳೋ, ಚಿನ್ನದ ಅಂಚು, ಬೆಳ್ಳಿಯ ಅಂಚು, ವಾಲಿಸಿದರೆ ಕಾಮನಬಿಲ್ಲು. ಹುಚ್ಚು ಹಿಡಿಸಿದವನು ನಾನೇ ಅಂತ ನನ್ನ ಹೆಂಡತಿ ಸುಮಿತ್ರ ಹೇಳುತ್ತಾಳೆ. ಸುಳ್ಳಲ್ಲ. ಶನಿವಾರ ಸಂಜೆ ಅಂಗಡಿ ಮುಚ್ಚಿ ಬರುವಾಗ ಒಂದು ಪ್ಯಾಕೆಟ್ಟು ತರುವುದು, ಅಪ್ಪ ಮಗಳು ಅಡುಗೆಮನೆಯ ನೆಲದ ಮೇಲೆ ಕೂತು ಅದನ್ನು ಒಡೆಯುವುದು ನಮ್ಮ ವ್ರತ. ಒಡೆಯುವ ಹಕ್ಕು ಅವಳದು. ಅದನ್ನು ಎಲ್ಲಿಡಬೇಕು ಅನ್ನುವ ತೀರ್ಮಾನ ಮಾತ್ರ ನನ್ನದು.

ಈ ವಿಷಯದಲ್ಲಿ ನಾನು ಸುಮ್ಮನೆ ಜಂಬ ಕೊಚ್ಚುತ್ತಿಲ್ಲ. ಕನ್ನಡಕ ಮಾರುವವನಿಗೆ ಗೀರು ಅಂದರೆ ಏನು ಅಂತ ಗೊತ್ತಿರುತ್ತದೆ. ಮೊದಲು ತೆಳ್ಳನೆಯ ಕವರು. ಅದು ಬನಿಯನ್ ಇದ್ದ ಹಾಗೆ, ಒಳಗೆ ಇರಲೇಬೇಕು, ಆದರೆ ಅದೊಂದನ್ನೇ ಹಾಕಿಕೊಂಡು ಹೊರಗೆ ಹೋಗುವ ಹಾಗಿಲ್ಲ. ಅದರ ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಜೇಬು. ಮಾಮೂಲಿ ಕಾರ್ಡುಗಳಾದರೆ ಆಲ್ಬಮ್ಮಿನ ಹಾಳೆಗಳು. ಅಗ್ಗದ ಕವರು ತಂದಿರೋ, ಹೊಸ ರೇನ್‌ಕೋಟಿನ ವಾಸನೆ ಬರುತ್ತದೆ, ಒಂದು ಬೇಸಿಗೆ ಕಳೆದರೆ ಶಾಯಿ ಕಿತ್ತು ಕವರಿಗೆ ಅಂಟಿರುತ್ತದೆ. ನಿಮ್ಮ ಹಳೆಯ ಮಾರ್ಕ್ಸ್ ಕಾರ್ಡಿನ ಪ್ಲಾಸ್ಟಿಕ್ ಚೀಲ ತೆಗೆದು ನೋಡಿ, ನಿಮ್ಮ ಗಣಿತದ ಅಂಕ ಅದರಲ್ಲಿರುತ್ತದೆ. ಇನ್ನು ಕವರು ಬಿಗಿಯಾದರೆ ಅಂಚು ನಲುಗುತ್ತದೆ, ಸಡಿಲವಾದರೆ ಒಳಗೆ ಗಲಗಲ ಅಂದು ಮೂಲೆ ಸವೆಯುತ್ತದೆ. ಎಲ್ಲಕ್ಕಿಂತ ಮೇಲಿನದು ಅಯಸ್ಕಾಂತದ ಪೆಟ್ಟಿಗೆ. ಅದು ಬಿಸಿಲನ್ನೂ ತಡೆಯುತ್ತದೆ. ಅದಕ್ಕೆ ಯೋಗ್ಯವಾದ ಕಾರ್ಡು ಮಾತ್ರ ನಮ್ಮ ಹತ್ತಿರ ಇರಲಿಲ್ಲ.

ಇಷ್ಟೆಲ್ಲ ಮಾಡಿದರೆ ಮಗಳು ಹೊಗಳುತ್ತಾಳೆ ಅಂದುಕೊಂಡಿರಾ? ನಿತ್ಯಾಳ ಬಾಯಲ್ಲಿ ಹೊಗಳಿಕೆಯ ಮಾತು ನಾನು ಕೇಳಿರಲೇ ಇಲ್ಲ. “ಅಪ್ಪಾ, ಈ ಶರ್ಟಲ್ಲಿ ನೀನು ಬಸ್ ಕಂಡಕ್ಟರ್ ತರ ಇದ್ದೀಯ.” “ಅಪ್ಪಾ, ನಿನ್ ಉಪ್ಪಿಟ್ಟಲ್ಲಿ ಗೋಡೆ ಕಟ್ಬೋದು.” ಆಲ್ಬಮ್ಮಿಗೆ ನಾನೇ ಚೆಂದವಾಗಿ ಹೆಸರು ಬರೆದುಕೊಟ್ಟರೆ, “ಅಕ್ಷರ ಸೊಟ್ಟ,” ಅಂತ ಅಳಿಸಿ ತಾನೇ ಬರೆದುಕೊಂಡಳು. ಸತ್ಯಹರಿಶ್ಚಂದ್ರನ ಮನೆಯಲ್ಲಿ ಹುಟ್ಟಬೇಕಾದದ್ದು, ತಪ್ಪಿ ನನ್ನ ಮನೆಯಲ್ಲಿ ಹುಟ್ಟಿದೆ ಅಂದುಕೊಂಡು ಸುಮ್ಮನಿದ್ದೆ.

ಇನ್ನು ಮುನಿರಾಜುವಿನ ವಿಷಯ. ಸುಮಿತ್ರಳ ತಂಗಿ ಅನಸೂಯಳ ಗಂಡ, ಅಂದರೆ ನನ್ನ ಷಡ್ಡಕ. ಸುಗಟೂರಿನಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ, ಎರಡು ಸೀಮೆಹಸು. ಷಡ್ಡಕ ಅನ್ನುವ ಸಂಬಂಧ ವಿಚಿತ್ರವಾದದ್ದು. ಅವನು ನೆಂಟನೂ ಅಲ್ಲ, ಅನ್ಯನೂ ಅಲ್ಲ. ಒಂದೇ ಅಂಗಡಿಯಲ್ಲಿ ಹೆಣ್ಣು ತಂದ ಇನ್ನೊಬ್ಬ ಗಿರಾಕಿ. ತಕ್ಕಡಿ ತಾನಾಗಿಯೇ ಮೇಲೇಳುತ್ತದೆ. ಇಲ್ಲಿ ಮುನಿರಾಜು ಯಾವತ್ತೂ ನನ್ನ ಜೊತೆ ತೂಗಲು ಬಂದವನಲ್ಲ ಅನ್ನುವುದೇ ನನಗೆ ಇನ್ನಷ್ಟು ಉರಿ. “ಅಣ್ಣಾ, ಅಣ್ಣಾ,” ಅಂತ ಬಾಯಿ ತುಂಬ ಕರೆಯುತ್ತಾನೆ.

ಶ್ರೀನಿವಾಸಪುರದಲ್ಲಿ ನಮ್ಮ ಮಾವನವರ ಮಾವಿನ ತೋಟ. ಹಣ್ಣಿನ ಕಾಲದಲ್ಲಿ ಇಬ್ಬರು ಅಳಿಯಂದಿರೂ ಹೋಗುತ್ತೇವೆ. ನನಗೆ ಕುರ್ಚಿ ಹಾಕುತ್ತಾರೆ. “ದೊಡ್ಡಳಿಯಂದ್ರು, ಬಿಸಿಲಲ್ಲಿ ಬಂದಿದ್ದೀರಿ, ಕೂತ್ಕೊಳಿ,” ಅನ್ನುತ್ತಾರೆ. ಬಾದಾಮಿ ಹಣ್ಣಿನಲ್ಲಿ ಹುಳುಕಿಲ್ಲದ್ದನ್ನೇ ಆರಿಸಿ, ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ ಬುಟ್ಟಿಗೆ ಹಾಕುತ್ತಾರೆ. ಅದೇ ಬಾಯಲ್ಲಿ ಅತ್ತ ತಿರುಗಿ, “ಲೇ ಮುನಿರಾಜು, ಏನ್ಲಾ ನಿಂತ್ಕಂಡಿದ್ದೀಯ ಕಂಬದಂಗೆ, ಹತ್ತೋ ಮರ! ನಿನ್ ಮುಖಕ್ಕೆ, ಅದು ಕಾಯಿ ಕಣೋ, ಆ ಪಕ್ಕದ್ದು ಕೀಳು!” ಅಂತ ಕೂಗುತ್ತಾರೆ. ಅವನು ಮರದ ಮೇಲಿಂದ, “ಆಂ, ಸೂಸ್ತಾನು ಮಾವಾ, ಅರವೊದ್ದು,” ನೋಡ್ತೀನಿ, ಕೂಗಬೇಡ ಅಂತ ತೆಲುಗಿನಲ್ಲೇ ಹೇಳಿ ನಗುತ್ತಾನೆ. ಇಬ್ಬರೂ ಬೈದುಕೊಂಡು, ನಕ್ಕು, ಬನಿಯನ್ನಿಗೆ ಸೊನೆ ಮೆತ್ತಿಕೊಂಡು ಒಂದೇ ಚೊಂಬಿನಲ್ಲಿ ನೀರು ಕುಡಿಯುತ್ತಾರೆ. ನಾನು ಕುರ್ಚಿಯಲ್ಲಿ ಕೂತು ನೋಡುತ್ತೇನೆ. ಒಂದೇ ಒಂದು ಸಲ ಆ ಮುದುಕ ನನ್ನನ್ನು ‘ಏನ್ಲಾ’ ಅಂದಿದ್ದರೆ ಬುಟ್ಟಿ ಹಣ್ಣು ಅಲ್ಲೇ ಬಿಟ್ಟು ಬರುತ್ತಿದ್ದೆ.

ಈ ಸಲ ದಸರಾ ರಜೆಗೆ ನಿತ್ಯಾ ಸುಗಟೂರಿಗೆ ಹೋದಳು. ಹೋದ ಮೂರನೆಯ ದಿನವೋ ಏನೋ, ಅಂಗಡಿಯಲ್ಲಿ ಒಬ್ಬ ಅಜ್ಜಿಗೆ ಅಕ್ಷರ ಓದಿಸುತ್ತಿದ್ದೆ, ಫೋನು ಬಂತು. ಆ ಕಡೆಯಿಂದ ಕಿರುಚಾಟ.

“ಅಪ್ಪಾ! ಚಿನ್ನದ್ ಅಂಚಿಂದು! ಕೀಪರ್ ಕಾರ್ಡ್ ಅಪ್ಪಾ! ಅಡ್ಡಡ್ಡ ಹಾರಿ ಕ್ಯಾಚ್ ಹಿಡ್ದಿದ್ದಾಳಲ್ಲ, ಅದು!”

ಆ ಕಾರ್ಡು ಯಾವುದು ಅಂತ ನನಗೆ ಗೊತ್ತಿತ್ತು. ವರ್ಷವಿಡೀ ಶನಿವಾರದ ಪ್ಯಾಕೆಟ್ಟುಗಳಲ್ಲಿ ನಾವು ಹುಡುಕಿದ್ದು ಅದನ್ನೇ. ನಿತ್ಯಾ ಕೀಪಿಂಗ್ ಮಾಡಲು ಶುರು ಮಾಡಿದ್ದೇ ಆ ಚಿತ್ರ ನೋಡಿ.

“ಎಲ್ಲಿ ಸಿಕ್ತು?”

“ಚಿಕ್ಕಪ್ಪ ಹಸುಗೆ ಹಿಂಡಿ ತರಕ್ ಹೋಗಿದ್ರು. ಚಿಲ್ಲರೆ ಇಲ್ಲ ಅಂತ ಅಂಗಡಿಯವ್ರು ಒಂದ್ ಪ್ಯಾಕೆಟ್ ಕೊಟ್ರಂತೆ!”

ನೋಡಿದಿರಾ? ವರ್ಷವಿಡೀ ವ್ರತ ಮಾಡಿದವನು ನಾನು. ದೇವರು ಪ್ರತ್ಯಕ್ಷವಾದದ್ದು ಹಿಂಡಿ ತರಲು ಹೋದವನಿಗೆ, ಅದೂ ಚಿಲ್ಲರೆಯ ಬದಲಿಗೆ. ನನ್ನ ಹೊಟ್ಟೆಯಲ್ಲಿ ಒಣಮೆಣಸಿನಕಾಯಿ ಸುಟ್ಟ ಹಾಗಾಯಿತು. ಎದುರಿಗೆ ಅಜ್ಜಿ ‘ಠ’ ಅಂತಲೋ ‘ರ’ ಅಂತಲೋ ತಡವರಿಸುತ್ತಿದ್ದರು. ನಾನು “ಸರಿ, ಸರಿ,” ಅಂದುಬಿಟ್ಟೆ.

ಫೋನನ್ನು ಮುನಿರಾಜುವಿಗೆ ಕೊಡಲು ಹೇಳಿದೆ. ನನ್ನ ದನಿ ನನಗೇ ಪರೀಕ್ಷಾ ಮೇಲ್ವಿಚಾರಕನ ದನಿಯ ಹಾಗೆ ಕೇಳಿಸಿತು.

“ನೋಡು ಮುನಿರಾಜು, ಅದು ಬೆಲೆಯುಳ್ಳ ಕಾರ್ಡು. ನಿಮ್ಮನೇಲಿ ಹುಳದ ಮನೆ ಇದೆ, ತೇವ ಜಾಸ್ತಿ. ಅದಕ್ಕೆ ತೇವ ತಗುಲಬಾರದು, ಗಾಳಿ ತಗುಲಬಾರದು, ಬೆರಳು ತಗುಲಬಾರದು. ನಾನು ಸರಿಯಾದ ಪೆಟ್ಟಿಗೆ ತಗೊಂಡು ಬರ್ತೀನಿ.”

“ಆಯ್ತಣ್ಣಾ. ತೇವ, ಗಾಳಿ, ಬೆರಳು. ನೀನೇನ್ ಯೋಚ್ನೆ ಮಾಡ್ಬೇಡ,” ಅಂದ.

ಅಲ್ಲಿಂದ ನನ್ನ ತಪಸ್ಸು ಶುರುವಾಯಿತು. ಕಾರ್ಡು ಅವನದಾದರೇನು, ಪೆಟ್ಟಿಗೆ ನನ್ನದಾಗಬೇಕು. ಮುಂದೆ ಯಾವತ್ತು ನಿತ್ಯಾ ಅದನ್ನು ಯಾರಿಗೆ ತೋರಿಸಿದರೂ ಮೊದಲು ಮುಟ್ಟುವುದು ನನ್ನ ಪೆಟ್ಟಿಗೆಯನ್ನು, ಮೊದಲು ಕೇಳಿಸುವುದು ನನ್ನ ಟಪ್. ಫೋನಿನಲ್ಲಿ ವಿಡಿಯೋ ಮೇಲೆ ವಿಡಿಯೋ ನೋಡಿದೆ. ಒಬ್ಬ ಕಪ್ಪು ಅಂಚಿನ ಪೆಟ್ಟಿಗೆ ಅಂದರೆ ಇನ್ನೊಬ್ಬ ಪೂರ್ತಿ ಪಾರದರ್ಶಕ ಅನ್ನುತ್ತಾನೆ. ಒಬ್ಬ ಕವರಿನ ಸಮೇತ ಇಡು ಅಂದರೆ ಇನ್ನೊಬ್ಬ ಬರಿಮೈಯಲ್ಲೇ ಇಡು ಅನ್ನುತ್ತಾನೆ. ಕಾರ್ಡಿನ ದಪ್ಪಕ್ಕೆ ತಕ್ಕ ಪೆಟ್ಟಿಗೆ ಬೇಕಂತೆ. ನಿತ್ಯಾಳಿಗೆ ಫೋನು ಮಾಡಿ, “ಎಷ್ಟು ದಪ್ಪ ಇದೆ?” ಅಂತ ಕೇಳಿದರೆ, “ದೋಸೆಗಿಂತ ತೆಳ್ಳಗೆ, ನೀನ್ ಮಾಡೋ ದೋಸೆ ಅಲ್ಲ, ಅಮ್ಮ ಮಾಡೋದು,” ಅಂದಳು. ಒಂದನ್ನು ತರಿಸಿದೆ, ಲೆನ್ಸು ನೋಡುವ ಭೂತಗನ್ನಡಿಯಲ್ಲಿ ನೋಡಿದರೆ ಒಳಗೆ ಕೂದಲೆಳೆಯ ಗೀರು. ವಾಪಸು ಕಳಿಸಿದೆ. ಇನ್ನೊಂದನ್ನು ತರಿಸಿದೆ. ರಜೆ ಮುಗಿಯುತ್ತ ಬಂತು.

“ಒಂದ್ ಡಬ್ಬಿ ಆರ್ಸಕ್ಕೆ ಇಷ್ಟು ದಿನಾನಾ? ನನ್ನ ನೋಡಕ್ಕೆ ಬಂದಾಗ ಒಂದ್ ಲೋಟ ಕಾಫಿ ಕುಡಿಯೋಷ್ಟ್ರಲ್ಲಿ ಒಪ್ಕೊಂಡ್ರಿ,” ಅಂದಳು ಸುಮಿತ್ರ.

ಕೊನೆಗೆ ಈಗ ಮೇಜಿನ ಮೇಲಿರುವ ಈ ಪೆಟ್ಟಿಗೆ ಬಂತು. ಕಳಂಕವಿಲ್ಲ. ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಸ್ಕೂಟರಿನ ಡಿಕ್ಕಿಯಲ್ಲಿಡಲು ಮನಸ್ಸು ಬಾರದೆ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಸುಗಟೂರಿಗೆ ಹೊರಟೆ.

ಮುನಿರಾಜು ಅಂಗಳದಲ್ಲೇ ಸಿಕ್ಕ. ಸೊಪ್ಪು ಕೊಯ್ದ ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತ, “ಬಾ ಅಣ್ಣಾ, ಮೊದ್ಲು ಇದನ್ನ ಸೂಡು, ನೋಡು,” ಅಂತ ಒಳಗೆ ಓಡಿ, ಎರಡೂ ಕೈಯಲ್ಲಿ ಹಿಡಿದು ತಂದ. ಕಾರ್ಡು. ಸುತ್ತಲೂ ಬೆರಳಗಲ ಪ್ಲಾಸ್ಟಿಕ್ಕಿನ ಅಂಚು. ಹೋಳೂರಿನ ಜೆರಾಕ್ಸ್ ಅಂಗಡಿಗೆ ಬೈಕಿನಲ್ಲಿ ಹೋಗಿ ಲ್ಯಾಮಿನೇಷನ್ ಮಾಡಿಸಿದ್ದ.

ಅವನನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ನಮ್ಮ ಕಡೆ ಯಾವುದು ಅಮೂಲ್ಯವೋ ಅದಕ್ಕೆ ಲ್ಯಾಮಿನೇಷನ್ ಮಾಡಿಸುವುದು ಪದ್ಧತಿ. ರೇಷನ್ ಕಾರ್ಡು, ಜಾತಿ ಸರ್ಟಿಫಿಕೇಟು, ತೀರಿಕೊಂಡ ತಾತನ ಫೋಟೋ, ಎಲ್ಲವೂ ಆ ಬಿಸಿ ರೋಲರಿನ ನಡುವೆ ಹಾದು ಅಮರವಾಗಿವೆ. ಆದರೆ ಮಿರುಗುವ ಹಾಳೆಯ ಕಾರ್ಡಿಗೆ ಬಿಸಿ ತಾಗಿದರೆ ಮುಗಿಯಿತು. ಚಿನ್ನದ ಅಂಚು ಕಂದಿತ್ತು. ಕಾಮನಬಿಲ್ಲು ಗುಳ್ಳೆಯೆದ್ದಿತ್ತು. ಗಾಳಿಯಲ್ಲಿ ಹಾರುತ್ತಿದ್ದ ಆ ಹುಡುಗಿಯ ಮುಖಕ್ಕೆ ಸಿಡುಬು ಬಂದ ಹಾಗಿತ್ತು. ಇನ್ನು ಅದನ್ನು ಬಿಡಿಸುವ ಹಾಗೆಯೇ ಇಲ್ಲ.

“ನೀನ್ ಹೇಳಿದ್ ಮೂರೂ ಆಯ್ತಣ್ಣಾ. ತೇವ ಇಲ್ಲ, ಗಾಳಿ ಇಲ್ಲ, ಬೆರಳಿಲ್ಲ. ಸೂಡೀಗ!” ಅಂದವನೇ ಹಸುವಿನ ಬಾನಿಯ ನೀರಿನಲ್ಲಿ ಕಾರ್ಡನ್ನು ಅದ್ದಿ ಎತ್ತಿ, ಕೊಡವಿ ತೋರಿಸಿದ. ನೀರು ಮುತ್ತುಮುತ್ತಾಗಿ ಉರುಳಿತು. ಹಸು ಕೂಡ ತಲೆಯೆತ್ತಿ ನೋಡಿತು.

ನನಗೆ ದುಃಖವಾಯಿತೇ? ಆಗಬೇಕಿತ್ತು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕೆಟ್ಟೆಯಲ್ಲ ಮುನಿರಾಜು! ಈಗ ನೋಡು, ನನ್ನ ಹರಿಶ್ಚಂದ್ರ ಬಾಯಿ ಬಿಡುತ್ತಾಳೆ. ನನ್ನ ಉಪ್ಪಿಟ್ಟಿಗೇ ಅಷ್ಟು ಹೇಳಿದವಳು ಇದಕ್ಕೆ ಎಷ್ಟು ಹೇಳಬೇಡ! ನಿತ್ಯಾ ಬಾಗಿಲಲ್ಲಿ ನಿಂತಿದ್ದಳು. ಹಿಂದಿನ ಸಂಜೆಯಷ್ಟೇ ಅವನು ಅದನ್ನು ಮಾಡಿಸಿ ತಂದಿದ್ದನಂತೆ. ನಾನು ಅವಳ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದೆ.

“ಹೇಗಿದೆ ಪುಟ್ಟಾ ಚಿಕ್ಕಪ್ಪನ ಕೆಲ್ಸ?”

ಅವಳು ಮುನಿರಾಜುವಿನ ಒದ್ದೆ ಕೈ ನೋಡಿದಳು, ಅವನ ಮುಖ ನೋಡಿದಳು, ಹಲ್ಲು ಬಿಟ್ಟು ನಕ್ಕಳು.

“ಸೂಪರಾಗಿದೆ ಚಿಕ್ಕಪ್ಪಾ! ನನ್ ಫ್ರೆಂಡ್ಸ್ ಯಾರ ಹತ್ರಾನೂ ಈ ತರ ಇಲ್ಲ.”

ಜೇಬಿನಲ್ಲಿದ್ದ ಪೆಟ್ಟಿಗೆ ನನ್ನ ಎದೆಗೆ ಒತ್ತುತ್ತಿತ್ತು. ಅದನ್ನು ಹೊರಗೆ ತೆಗೆಯಲೇ ಇಲ್ಲ. ತೆಗೆದಿದ್ದರೂ ಪ್ರಯೋಜನವಿರಲಿಲ್ಲ, ಲ್ಯಾಮಿನೇಷನ್ನಿನ ಅಂಚಿನ ಸಮೇತ ಆ ಕಾರ್ಡು ಅದರಲ್ಲಿ ಹಿಡಿಸುತ್ತಿರಲಿಲ್ಲ. ಅನಸೂಯ ಕೊಟ್ಟ ಕಾಫಿಯನ್ನು ಹರಳೆಣ್ಣೆಯ ಹಾಗೆ ಕುಡಿದು ಮಗಳನ್ನು ಸ್ಕೂಟರಿಗೆ ಹತ್ತಿಸಿಕೊಂಡು ಹೊರಟೆ.

ಊರು ದಾಟಿ, ಟೊಮೇಟೊ ತೋಟಗಳ ಪಕ್ಕಕ್ಕೆ ಬರುವಷ್ಟರಲ್ಲಿ ಬೆನ್ನಿಗೆ ಬಿಸಿ ತಾಗಿತು. ಅವಳು ನನ್ನ ಅಂಗಿಗೆ ಮುಖ ಒತ್ತಿ ಅಳುತ್ತಿದ್ದಳು. ಗಾಡಿ ನಿಲ್ಲಿಸಿದೆ.

“ಹಾಳಾಗೋಯ್ತಪ್ಪಾ... ಅವಳ ಮುಖಾನೇ ಕಾಣಲ್ಲ... ಇನ್ ಯಾವತ್ತೂ ಸಿಗಲ್ಲ ಅದು...”

“ಮತ್ತೆ ಅಲ್ಲಿ ಸೂಪರ್ ಅಂದ್ಯಲ್ಲೇ?”

ಅಳುತ್ತಲೇ ಸಿಡುಕಿದಳು. “ಇನ್ನೇನ್ ಹೇಳ್ಲಿ? ಚಿಕ್ಕಪ್ಪಂಗೆ ಎಷ್ಟ್ ಖುಷಿಯಾಗಿತ್ತು ನೋಡ್ಲಿಲ್ವಾ? ನೀನು ಹೇಳ್ಬೇಡ. ಹೇಳಿದ್ರೆ ನಾನ್ ನಿನ್ ಜೊತೆ ಮಾತೇ ಆಡಲ್ಲ. ನಿನ್ ಬಾಯಿ ಸುಮ್ನಿರಲ್ಲ, ನಂಗೊತ್ತು.”

ಒಳ್ಳೆಯ ತಂದೆಯಾದವನು ಈಗ ಏನು ಅಂದುಕೊಳ್ಳಬೇಕು? ಆಹಾ, ನನ್ನ ಮಗಳಿಗೆ ಎಂಥ ಮನಸ್ಸು ಅಂತ ಅಲ್ಲವೇ? ಅಂದುಕೊಂಡೆ. ಕೋಲಾರ ಇನ್ನೂ ದೂರವಿತ್ತು, ಅಷ್ಟರಲ್ಲಿ ಬೇರೆಯದೂ ಅಂದುಕೊಂಡೆ. ಹತ್ತು ವರ್ಷ ಸಾಕಿದ ನನಗೆ ಈ ಹುಡುಗಿ ಒಂದಾದರೂ ಸುಳ್ಳು ಹೇಳಿದ್ದಾಳೆಯೇ? ನನ್ನ ಖುಷಿ ಕೆಡಬಾರದು ಅಂತ ಒಂದು ಸಲವಾದರೂ ಹಲ್ಲು ಬಿಟ್ಟು ನಕ್ಕಿದ್ದಾಳೆಯೇ? ಅವನಿಗೆ ಕಾರ್ಡು ಸಿಕ್ಕಿದ್ದಕ್ಕೆ ಹೊಟ್ಟೆ ಉರಿದಿತ್ತು, ಅದು ಬೆಳಗಿನ ಬಿಸಿಲು. ಅವನಿಗೆ ಸಿಕ್ಕ ಈ ಸುಳ್ಳಿಗೆ ಉರಿದದ್ದು ಚೈತ್ರದ ಮಧ್ಯಾಹ್ನ.

ಮನೆಗೆ ಬಂದು ಸುಮಿತ್ರಳಿಗೆ ಹೇಳಿದೆ. ಅವಳು ಹುರುಳಿಕಾಯಿ ಮುರಿಯುತ್ತಿದ್ದಳು.

“ಅಳು ಬಂದಾಗ ನಿಮ್ ಬೆನ್ನೇ ತಾನೇ ಬೇಕಾಗಿದ್ದು ಅವಳಿಗೆ? ಅದು ಸಾಲ್ದಾ?”

“ಸಾಲ್ದು.”

“ನಮ್ಮಪ್ಪನ ಮನೇಗೆ ಹೋದ್ರೆ ಅವರು ಮುನಿರಾಜುನ ಬೈತಾರೆ, ನಿಮ್ಮನ್ನ ಬೈಯಲ್ಲ ಅಂತ ಉರ್ಕೋತೀರ. ಇಲ್ಲಿ ಮಗಳು ನಿಮ್ಮನ್ನ ಬೈತಾಳೆ, ಅವನನ್ನ ಬೈಯಲ್ಲ ಅಂತ ಉರ್ಕೋತೀರ. ಬೈಸ್ಕೋಬೇಕಾ ಬೇಡ್ವಾ ಅಂತ ಮೊದ್ಲು ಒಂದ್ ಕಡೆ ತೀರ್ಮಾನ ಮಾಡ್ಕೊಳ್ರಿ,” ಅಂದು ಹುರುಳಿಕಾಯಿ ಎತ್ತಿಕೊಂಡು ಒಳಗೆ ಹೋದಳು. ಹೆಂಡತಿಯ ತರ್ಕ ಸರಿಯಾಗಿಯೇ ಇತ್ತು. ತರ್ಕ ಸರಿ ಅಂತ ಹೊಟ್ಟೆಕಿಚ್ಚು ಎದ್ದು ಹೋಗುವುದಿಲ್ಲವಲ್ಲ.

ಮುನಿರಾಜು ಆಗಾಗ ಫೋನು ಮಾಡಿ, “ಕಾರ್ಡ್ ಎಂಗಿದೆ ಅಣ್ಣಾ?” ಅಂತ ಕೇಳುತ್ತಿದ್ದ. ಪ್ರತಿ ಸಲವೂ ನಿಜ ನಾಲಿಗೆಯ ತುದಿಗೆ ಬರುತ್ತಿತ್ತು. ಎದುರಿಗೆ ನಿತ್ಯಾ ಕಣ್ಣು ದೊಡ್ಡದು ಮಾಡಿ ನಿಂತಿರುತ್ತಿದ್ದಳು. “ಚೆನ್ನಾಗಿದೆ ಕಣೋ,” ಅಂದು ನಾಲಿಗೆಯನ್ನು ಒಳಗೆ ಎಳೆದುಕೊಳ್ಳುತ್ತಿದ್ದೆ. ಆ ಕಾರ್ಡನ್ನು ಅವಳು ಎಸೆಯಲಿಲ್ಲ. ಓದುವ ಮೇಜಿನ ಮೇಲೆ ಗೋಡೆಗೆ ಒರಗಿಸಿ ಇಟ್ಟಿದ್ದಳು. ಚಿಕ್ಕಪ್ಪ ಬಂದರೆ ಕಾಣಬೇಕಲ್ಲ.

ಅದನ್ನು ದಿನಾ ನೋಡಿ ನೋಡಿ ನನಗೊಂದು ಹಟ ಬಂತು. ಲ್ಯಾಮಿನೇಷನ್ ಸಮೇತ ಹಿಡಿಸುವ ಪೆಟ್ಟಿಗೆಯನ್ನೇ ನಾನು ಕೊಡುತ್ತೇನೆ. ಅಂಥ ಅಳತೆಯ ಪೆಟ್ಟಿಗೆ ಲೋಕದಲ್ಲಿ ಯಾರೂ ಮಾಡುವುದಿಲ್ಲ, ಯಾಕೆಂದರೆ ಅಂಥ ಕೆಲಸವನ್ನು ಲೋಕದಲ್ಲಿ ಯಾರೂ ಮಾಡಿಸಿರುವುದಿಲ್ಲ. ಮಾಲೂರಿನ ಫ್ಯಾಕ್ಟರಿಗಳ ಕಡೆ ನನ್ನ ಹಳೆಯ ಗಿರಾಕಿಯೊಬ್ಬರು ಪ್ಲಾಸ್ಟಿಕ್ ಅಚ್ಚಿನ ಸಣ್ಣ ವರ್ಕ್‌ಶಾಪ್ ಇಟ್ಟಿದ್ದಾರೆ. ಯಂತ್ರಗಳ ಬಿಡಿಭಾಗಕ್ಕೆ ಡಬ್ಬಿ ಮಾಡುವವರು. ಅವರಿಗೆ ಅಳತೆ ಕೊಟ್ಟೆ, ಮುಚ್ಚಳಕ್ಕೆ ಅಯಸ್ಕಾಂತ ಇರಲೇಬೇಕು ಅಂದೆ. “ಗಟ್ಟಿ ಬರ್ಬೇಕಾ ಸಾರ್, ನೈಸಾಗ್ ಬರ್ಬೇಕಾ?” ಅಂತ ಕೇಳಿದರು. ಎರಡೂ ಅಂದೆ. ಹೇಳಬಾರದಿತ್ತು.

ಬಂದ ಪೆಟ್ಟಿಗೆ ಇಟ್ಟಿಗೆಯಷ್ಟು ದಪ್ಪವಿತ್ತು. ಪಾರದರ್ಶಕವಾಗಿರಬೇಕಾದ್ದು ಪಾಚಿಗಟ್ಟಿದ ನೀರಿನ ಬಣ್ಣದಲ್ಲಿತ್ತು. ಅಯಸ್ಕಾಂತ ಎಷ್ಟು ಜೋರಾಗಿತ್ತೆಂದರೆ ತೆಗೆಯಲು ಇಬ್ಬರು ಬೇಕು. ಮುಚ್ಚಿದರೆ ಟಪ್ ಅನ್ನಲಿಲ್ಲ, ಗೇಟು ಹಾಕಿದ ಹಾಗೆ ಧಡ್ ಅಂದಿತು. ಕೈಗೆ ಟಯರಿನ ವಾಸನೆ ಅಂಟಿತು. ಕಾರ್ಡು ಒಳಗೆ ಹೋಯಿತು, ಸೊಟ್ಟಗೆ. ಮೊದಲೇ ಗುಳ್ಳೆಯೆದ್ದ ಮುಖ ಈಗ ಕೊಳದ ತಳದಲ್ಲಿದ್ದ ಹಾಗೆ ಕಾಣಿಸಿತು. ವಾಪಸು ಕಳಿಸೋಣವೆಂದರೆ ನಿತ್ಯಾ ಶಾಲೆಯಿಂದ ಬಂದೇಬಿಟ್ಟಳು. ಕೈಯಲ್ಲಿ ಮುಚ್ಚಿಡಲು ಅದು ಮುಚ್ಚಿಡುವಂಥ ಗಾತ್ರದ್ದೂ ಅಲ್ಲ.

“ಏನಪ್ಪಾ ಅದು?”

“ನಿನ್ ಕಾರ್ಡಿಗೆ... ಮಾಲೂರಲ್ಲಿ ಮಾಡಿಸ್ದೆ. ನಿನಗೋಸ್ಕರಾನೇ.”

ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ತಿರುಗಿಸಿ ನೋಡಿದಳು. ಮೂಸಿದಳು. ಮುಚ್ಚಳ ಎಳೆದಳು, ಬರಲಿಲ್ಲ. ಬಸ್ ಕಂಡಕ್ಟರು, ಗೋಡೆ ಕಟ್ಟುವ ಉಪ್ಪಿಟ್ಟು, ಈಗ ಯಾವುದು ಬರುತ್ತದೋ ಅಂತ ನಾನು ಕಾದೆ. ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ಆಮೇಲೆ ಹಲ್ಲು ಬಿಟ್ಟು ನಕ್ಕಳು.

“ಸೂಪರಾಗಿದೆ ಅಪ್ಪಾ.”

ಅದೇ ದನಿ, ಅದೇ ಹಲ್ಲು. ಅಪ್ಪಟ ಸುಳ್ಳು! ನನಗೆ ಎಲ್ಲಿ ಕೂರಬೇಕೋ ತಿಳಿಯಲಿಲ್ಲ. ಸುಮಿತ್ರಳಿಗೆ ಹೇಳೋಣವೆಂದರೆ ಅವಳು ನಗುತ್ತಾಳೆ. ಹೇಳಲೇಬೇಕಾದ ಮನುಷ್ಯ ಒಬ್ಬನೇ. ಅಂಗಳಕ್ಕೆ ಹೋಗಿ ಮುನಿರಾಜುವಿಗೆ ಫೋನು ಹಚ್ಚಿದೆ.

“ಕಾರ್ಡಿಗೆ ಪೆಟ್ಟಿಗೆ ಮಾಡಿಸ್ದೆ ಕಣೋ. ನಿತ್ಯಾ ನೋಡಿ ಸೂಪರಾಗಿದೆ ಅಂದ್ಲು!”

ಅವನು ಹಸುವಿನ ಹತ್ತಿರದಿಂದ ಎದ್ದು ಬಂದಿರಬೇಕು, ಕೊರಳ ಗಂಟೆಯ ಸದ್ದು ದೂರವಾಯಿತು.

“ಅಂಗಾದ್ರೆ ನಿಜ್ವಾಗ್ಲೂ ಸಂದಾಗೇ ಇರ್ತದೆ ಬಿಡಣ್ಣಾ,” ಅಂದ. ದನಿ ಎಂದಿನ ಹಾಗಿರಲಿಲ್ಲ. “ನಂಗೂ ಅಂಗೇ ಅಂದ್ಲು. ಆದ್ರೆ ಅದು ಸುಳ್ಳು.”

“ಏನೋ ಅದು?”

“ಗುಳ್ಳೆ ಬಂದಿದ್ದು ನಂಗೆ ಕಾಣಲ್ವಾ ಅಣ್ಣಾ? ಹೋಳೂರಲ್ಲಿ ಆ ಮಿಷನ್ನಿಂದ ಆಚೆ ಬಂದಾಗ್ಲೇ ಎದೆ ಧಸಕ್ ಅಂತು. ನೀರಲ್ಲಿ ಅದ್ದಿ ನಾಟ್ಕ ಆಡ್ದೆ. ಈಗ ಬೈತಾಳೆ, ಈಗ ಕೂಗಾಡ್ತಾಳೆ ಅಂತ ಕಾದೆ. ಬೈಲೇ ಇಲ್ಲ. ನೆಂಟ್ರ ಮನೇಲಿ ಸಾರಲ್ಲಿ ಉಪ್ಪಿಲ್ದಿದ್ರೂ ಚೆನ್ನಾಗಿದೆ ಅಂತೀವಲ್ಲ, ಅಂಗಂದ್ಲು. ನಿನ್ನಾದ್ರೆ ಎಂಗ್ ಬೈತಾಳೆ! ಶರ್ಟು, ಉಪ್ಪಿಟ್ಟು, ಒಂದನ್ನೂ ಬಿಡಲ್ಲ. ಕೇಳ್ತಾ ಇದ್ರೆ ನಂಗೆ... ಏನ್ ಹೇಳ್ಲಿ, ವಸಿ ಹೊಟ್ಟೆ ಉರೀತದೆ ಅಣ್ಣಾ. ನಿಂಗೆ ಅವಳು ಸುಳ್ ಹೇಳಲ್ವಲ್ಲ.”

ಕಿಟಕಿಯೊಳಗೆ ನೋಡಿದೆ. ನಿತ್ಯಾ ಕಾಲಿನಿಂದ ಡಬ್ಬಿಯನ್ನು ಒತ್ತಿ ಹಿಡಿದು, ಎರಡೂ ಕೈಯಲ್ಲಿ ಮುಚ್ಚಳ ಎಳೆಯುತ್ತ, ಮುಖ ಕಿವುಚಿ ಏನೋ ಬೈದುಕೊಳ್ಳುತ್ತಿದ್ದಳು. ಒಂದು ಮಾತು ಹೇಳಿದ್ದರೆ ಮುನಿರಾಜುವಿನ ಎದೆ ಹಗುರಾಗುತ್ತಿತ್ತು. ನನಗೂ ಸುಳ್ಳೇ ಹೇಳಿದಳು ಕಣೋ, ಇಬ್ಬರೂ ಒಂದೇ ದೋಣಿಯಲ್ಲಿದ್ದೇವೆ ಅಂದರೆ ಸಾಕಿತ್ತು. ಆದರೆ ಹುಟ್ಟಿದಾರಭ್ಯ ಊರವರನ್ನೆಲ್ಲ ನೋಡಿ ಉರಿದುಕೊಂಡವನು ನಾನು. ನನ್ನನ್ನು ನೋಡಿ ಒಬ್ಬನಾದರೂ ಉರಿದುಕೊಂಡದ್ದು ಇದೇ ಮೊದಲು. ಕೈಗೆ ಬಂದದ್ದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

“ಹೌದು ಕಣೋ,” ಅಂದೆ. “ನನಗೆ ಅವಳು ಸುಳ್ಳು ಹೇಳೋದಿಲ್ಲ.”